ಬಂಗಲೆಯ ಎರಡು ಪಾತಿ

ಹುಮನಾಬಾದಿನ ಸರ್ಕಾರಿ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ ಸೋನುಬಾಯಿ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಹಾಲಿನವಳು ಚೆಂಬು ಕೆಳಗಿಡುವ ಮೊದಲೇ ಬೆರಳು ಅದ್ದಿ ನೋಡುವಳು. ಓಣಿಯಲ್ಲಿ ಇಬ್ಬರು ಪಿಸುಗುಟ್ಟಿದರೆ ತನ್ನ ಬಗ್ಗೆಯೇ ಎಂದುಕೊಂಡು ಬಾಗಿಲಿಗೆ ಬಂದು ನಿಲ್ಲುವಳು. ಗಂಡ ತೀರಿಹೋದ ಮೇಲೆ ಅವನ ಊರು ಮೋರಖಂಡಿಯಲ್ಲಿ ಅವಳ ಪಾಲಿನ ಹೊಲವನ್ನು ಭಾವಂದಿರು ನಗುನಗುತ್ತಲೇ ನುಂಗಿದ್ದರು. ಅಂದಿನಿಂದ ನಗುಮುಖ ಕಂಡರೆ ಅವಳಿಗೆ ಅನುಮಾನ ಜಾಸ್ತಿ. ಮಗ ತುಳಜಾರಾಮನ ಕೈಹಿಡಿದು ಹುಮನಾಬಾದಿಗೆ ಬಂದವಳು, ಬಂಗಲೆಯ ಗಿಡಗಳಿಗೆ ನೀರು ಹೊರುತ್ತ ಹೊರುತ್ತ ಮಾಲಿಯ ಕೆಲಸವನ್ನೇ ಹಿಡಿದಿದ್ದಳು.

ಅದು ನಿಜಾಮರ ಆಳ್ವಿಕೆಯ ಕಾಲ, ಮೂವತ್ತೇಳನೆಯ ಇಸವಿಯ ಮಳೆಗಾಲ. ರಸ್ತೆ ಕೆಲಸದ ಇಂಜಿನಿಯರ್ ಸಾಹೇಬರು ಹೈದರಾಬಾದಿನಿಂದ ಬರುವಾಗ ಮೋಟಾರಿನಲ್ಲಿ ಕೆಲವು ಕುಂಡಗಳನ್ನು ತಂದರು. ಮೇಣ ಸವರಿದಂಥ ದಪ್ಪ ಎಲೆ, ಸಣ್ಣ ಸಣ್ಣ ಕೆಂಪು ಹೂ. ಬಿಗೋನಿಯಾ ಅಂತ ಹೆಸರು. ಬಂಗಲೆಯ ಮೆಟ್ಟಿಲಿನ ಬಲಕ್ಕಿರುವ ಪಾತಿಯಲ್ಲಿ ಅದನ್ನು ನೆಡಲು ಹೇಳಿದರು. ಎಡಗಡೆ ಸೋನುಬಾಯಿ ಪ್ರತಿವರ್ಷ ಬಿತ್ತುವ ಗುಲ್‌ಮೆಹಂದಿಯೇ ಇರಲಿ ಎಂದರು. ಬೇರೆ ಸೀಮೆಯವರು ಕರ್ಣಕುಂಡಲ ಅನ್ನುವುದು ಅದನ್ನೇ. ದಸರೆ ಕಳೆದ ಮೇಲೆ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಅಷ್ಟರೊಳಗೆ ಯಾವುದು ಚೆಂದ ಕಂಡೀತೋ ಅದನ್ನೇ ಬಂಗಲೆಯ ಸುತ್ತ ಹಾಕಿಸುವುದೆಂದು ಸಾಹೇಬರು ಹೇಳಿ ಹೋದರು.

ಸಾಹೇಬರ ಮೋಟಾರು ಮರೆಯಾಗುತ್ತಲೇ ಕಾವಲುಗಾರ ಮಚ್ಚೇಂದ್ರ ಹತ್ತಿರ ಬಂದ.

"ಸೋನಕ್ಕ, ಬಿಗೋನಿ ಪಾಸಾದ್ರ ಅದನ್ನ ನೋಡ್ಲಾಕ ಹೈದರಾಬಾದಿಂದ ಬ್ಯಾರೆ ಮಾಲಿ ಬರ್ತಾನಂತ."

"ಯಾರು ಹೇಳ್ಯಾರ?"

"ಹಂಗಂತ ಕೇಳೀನಿ," ಎಂದು ಅವನು ನಕ್ಕ.

ಆ ನಗುವೇ ಅವಳ ನಿದ್ದೆ ಕೆಡಿಸಿತು. ಆದರೂ ಕೆಲಸಕ್ಕೆ ದ್ರೋಹ ಮಾಡಲಿಲ್ಲ. ಬಿಗೋನಿಯಾಕ್ಕೂ ಹದವಾಗಿ ನೀರು ಕೊಟ್ಟಳು, ಬಿಸಿಲು ಜೋರಾದಾಗ ಬಿದಿರಿನ ತಟ್ಟಿ ಕಟ್ಟಿ ಮರೆಮಾಡಿದಳು. ವಾಸನೆಯಿಲ್ಲದ ಆ ಹೂವನ್ನು ಮಾತ್ರ ಓರೆಗಣ್ಣಿನಿಂದಲೇ ನೋಡುತ್ತಿದ್ದಳು.

ಗಿಡಗಳು ಚಿಗಿತು ಹೂ ತುಂಬುವ ಹೊತ್ತಿಗೆ ಬಲಗಡೆಯ ಪಾತಿ ಬೋಳಾಗತೊಡಗಿತು. ದಿನಾ ನಾಲ್ಕಾರು ಎಲೆ ಇಲ್ಲ, ಹೂವಿನ ಗೊಂಚಲು ಇಲ್ಲ. ಹುಳ ತಿಂದ ಗುರುತಿಲ್ಲ. ಯಾರೋ ಉಗುರಿನಿಂದ ಚಿವುಟಿದ ಹಾಗೆ ದಂಟು ಮಾತ್ರ ಉಳಿದಿತ್ತು. ಗುಲ್‌ಮೆಹಂದಿಯ ಒಂದು ಎಸಳನ್ನೂ ಯಾರೂ ಮುಟ್ಟಿರಲಿಲ್ಲ.

"ನಿನ್ನ ಪಾತಿ ನೆಟ್ಟಗೈತಿ, ಸಾಹೇಬ್ರ ಪಾತಿ ಬೋಳಾಗ್ಯಾದ," ಎಂದ ಮಚ್ಚೇಂದ್ರ. "ನೋಡಿದವರು ಏನ್ ಅಂದಾರು?"

ಸೋನುಬಾಯಿಗೆ ಅರ್ಥವಾಯಿತು. ಇದು ತನ್ನ ತಲೆಗೇ ಬರುವ ಮಾತು. ಮಚ್ಚೇಂದ್ರನೇ ಚಿವುಟಿ ತನ್ನ ಮೇಲೆ ಹಾಕುತ್ತಿದ್ದಾನೆಯೇ? ಇಲ್ಲವೇ ಬಂಗಲೆಯ ಅಡುಗೆ ಮಾಡುವ ಬಾವರ್ಚಿಯ ಹೆಂಡತಿ ಹಜಿರಾ ಬೀ ಸಾಕಿದ ಮೇಕೆಯೇ? ಮೇಕೆಗೆ ಉಗುರೆಲ್ಲಿಂದ ಬರಬೇಕು ಎಂದು ಯೋಚಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಅಡುಗೆಕೋಣೆಯ ಹಿಂದೆ ಹೋಗಿ ಕೂಗಾಡಿದಳು.

"ನಿನ್ ಆಡು ನನ್ ಅನ್ನಕ್ಕ ಕಲ್ಲ್ ಹಾಕಾಕತ್ತೈತಿ, ಹಜಿರಾ!"

ಹಜಿರಾ ಬೀ ಒಲೆಯ ಮುಂದಿನಿಂದ ಎದ್ದು ಬಂದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. "ಆಯ್ತು ಆಪಾ. ನಾಳಿಗೆ ಇದನ್ನ ಕಲ್ಯಾಣಿಗೆ ನಮ್ ತಂಗಿ ಮನಿಗಿ ಕಳಸ್ತೀನಿ," ಎಂದಷ್ಟೇ ಅಂದಳು. ಆಗ ಬಸವಕಲ್ಯಾಣವನ್ನು ಎಲ್ಲರೂ ಕಲ್ಯಾಣಿ ಅನ್ನುತ್ತಿದ್ದರು. ಮರುದಿನ ಮೇಕೆ ಬಂಡಿ ಹತ್ತಿ ಹೋಯಿತು.

ಎಲೆ ಮಾಯವಾಗುವುದು ನಿಲ್ಲಲಿಲ್ಲ.

ಇನ್ನು ಮಚ್ಚೇಂದ್ರನೇ ಎಂದು ಸೋನುಬಾಯಿ ತೀರ್ಮಾನಿಸಿದಳು. ಮಧ್ಯಾಹ್ನ ತುಳಜಾರಾಮನ ಹೆಂಡತಿ ಕೇಶರಬಾಯಿ ಎಂದಿನಂತೆ ಬುತ್ತಿ ತಂದುಕೊಟ್ಟಾಗ ಬಾವಿಯ ಕಡೆ ಉಣ್ಣಲು ಹೋದಂತೆ ಮಾಡಿ, ಸುತ್ತು ಹಾಕಿ ಬಂದು ಬೇವಿನ ಮರದ ಮರೆಗೆ ನಿಂತಳು. ಮಚ್ಚೇಂದ್ರ ಜಗಲಿಯ ಮೇಲೆ ಬಾಯಿ ತೆರೆದು ಮಲಗಿದ್ದ. ಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತವಳು ಕೇಶರಬಾಯಿ. ಬಿಗೋನಿಯಾದ ಎಲೆ, ಹೂ ಚಿವುಟಿ, ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ ಅಗಿಯುತ್ತಿದ್ದಳು.

"ಏ ಕೇಶರಾ! ಯಾರ್ ಕಳಸ್ಯಾರ ನಿನ್ನ? ಮನ್ಯಾಗೇ ವೈರಿ ಸಾಕೀನೇನು ನಾ?"

ಸೊಸೆ ಬೆಚ್ಚಿ ಎದ್ದು ನಿಂತಳು. ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು.

"ಯಾರೂ ಕಳಸಿಲ್ರಿ ಅತ್ತಿ. ಹುಳಿ ಅದಾವ್ರಿ."

"ಏನು ಹುಳಿ?"

"ಎಲಿ. ಹುಣಸಿ ಚಿಗರಿನಂಗ. ಬಾಯಿ ಕೇಳ್ತದ್ರಿ, ತಡ್ಯಾಕ ಆಗವಲ್ದು."

ಸೋನುಬಾಯಿ ಅವಳ ಮುಖ ನೋಡಿದಳು, ಬಾಡಿದ ಕೆನ್ನೆ ನೋಡಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಎಷ್ಟ್ ತಿಂಗಳ?"

"ನಾಕರಾಗ ಬಿದ್ದದ."

"ಮನ್ಯಾಗ ಹುಣಸಿಹಣ್ಣ್ ಇರ್ಲಿಲ್ಲೇನು? ನನಗ ಯಾಕ ಹೇಳ್ಲಿಲ್ಲ?"

ಕೇಶರಬಾಯಿ ಅಳುತ್ತಲೇ ಹೇಳಿದಳು. "ಹುಣಸಿ ತಗದ್ರ ನಿಮಗ ಗೊತ್ತಾಗ್ತಿತ್ರಿ. ಹ್ವಾದ ಎರಡ್ ಸಲ ಹೊಟ್ಟಿ ನಿಲ್ಲಲಿಲ್ಲ. ನೀವು ಸೂಗಮ್ಮ ಮಾಟ ಮಾಡ್ಯಾಳಂತ ಅಕಿ ಕೂದಲಾ ಹಿಡದ್ರಿ. ನನ್ನ ತವರಿನವರನ್ನೂ ಬಿಡಲಿಲ್ಲ. ಈ ಸಲಾನೂ ಹಂಗಾದ್ರ ಯಾರ್ ಮ್ಯಾಲ ಬರ್ತೀರೋ ಅಂತ ಅಂಜಿಕಿ."

ನೆರೆಯ ಸೂಗಮ್ಮ ಎರಡು ವರ್ಷದಿಂದ ಸೋನುಬಾಯಿಯ ಅಂಗಳ ತುಳಿದಿರಲಿಲ್ಲ. ತುಳಿಯದಿದ್ದುದಕ್ಕೂ ಸೋನುಬಾಯಿ ಅನುಮಾನವನ್ನೇ ಪಟ್ಟಿದ್ದಳು.

ಸಂಜೆ ಹಜಿರಾ ಬೀಯ ಒಲೆಯ ಹತ್ತಿರ ಹೋಗಿ ನಿಂತಳು. "ನಿನ್ ಆಡಿನ ತಪ್ಪಿಲ್ಲ," ಎಂದಳು.

"ಗೊತ್ತದ. ನಿನ್ ಸೊಸಿ ತಿನ್ನೂದು ನಾ ನೋಡೀನಿ."

"ನೋಡಿ ಸುಮ್ನಿದ್ಯಾ? ಆಡು ಕಳಕೊಂಡ್ಯಲ್ಲ!"

"ಅಕಿ ಕೈಮುಗದು ಹೇಳಬ್ಯಾಡ ಅಂದ್ಳು. ನಾ ಹೇಳಿದ್ರ ನೀ ನಂಬ್ತಿದ್ದೇನು, ಆಪಾ?"

ಮೇಕೆ ಕಲ್ಯಾಣಿಯಿಂದ ವಾಪಸು ಬರಲಿಲ್ಲ. ಹಜಿರಾ ಬೀಯ ತಂಗಿಯ ಮಕ್ಕಳು ಅದನ್ನು ಹಚ್ಚಿಕೊಂಡಿದ್ದರು. ಸೋನುಬಾಯಿ ಅಂದಿನಿಂದ ಸೊಸೆಯ ಕೈಗೆ ತಾನೇ ಹುಣಸೆಹಣ್ಣು ಇಡತೊಡಗಿದಳು. ಬಿಗೋನಿಯಾ ಮತ್ತೆ ಚಿಗಿತು ಮೈತುಂಬ ಹೂ ಬಿಟ್ಟಿತು. ದಸರೆ ಕಳೆಯುವಷ್ಟರಲ್ಲಿ ಗುಲ್‌ಮೆಹಂದಿಯ ಸುಗ್ಗಿ ಮುಗಿದು, ಕಾಯಿ ಸಿಡಿದು, ದಂಟು ಒರಗಿತ್ತು. ಸಾಹೇಬರು ಬಲಗಡೆಯ ಪಾತಿಯನ್ನೇ ಆರಿಸಿದರು. ಹೈದರಾಬಾದಿನ ಮಾಲಿ ಮಾತ್ರ ಬರಲಿಲ್ಲ. ಬಿಗೋನಿಯಾದ ದಂಟು ಕತ್ತರಿಸಿ ಹೊಸ ಸಸಿ ಮಾಡುವುದನ್ನು ಸಾಹೇಬರೇ ಅವಳಿಗೆ ತೋರಿಸಿಕೊಟ್ಟರು. ಮುಂದೆ ಹತ್ತು ವರ್ಷ ಅವಳು ಆ ತೋಟದಲ್ಲೇ ದುಡಿದಳು, ಮಚ್ಚೇಂದ್ರನ ಮೇಲೆ ಒಂದು ಕಣ್ಣಿಟ್ಟುಕೊಂಡೇ.

ಆ ದಸರೆಯ ನಂತರ ಬಂದ ಹೋಳಿ ಹುಣ್ಣಿಮೆಯ ಮುಂಜಾನೆ ಕೇಶರಬಾಯಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿಯ ಜೊತೆಗೆ ಹಜಿರಾ ಬೀಯೂ ಬಂದಳು. ಸೋನುಬಾಯಿ ಸೂಲಗಿತ್ತಿಯ ಕೈ, ಉಗುರು, ಅವಳು ತಂದ ಗಂಟು ಎಲ್ಲ ನೋಡಿದಳು. ಗಂಟಿನಲ್ಲೇನಿದೆ ಎಂದು ಮೂರನೆಯ ಸಲ ಕೇಳಿದಾಗ ಹಜಿರಾ ಬೀ ಅವಳ ರಟ್ಟೆ ಹಿಡಿದು ಹೊರಗೆ ತಂದಳು.

"ನೀ ಇಲ್ಲೇ ಕೂಡು ಆಪಾ. ಒಳಗ ನಾ ಇದ್ದೀನಿ."

ಸೋನುಬಾಯಿ ಹೊಸ್ತಿಲ ಆಚೆ ಕೂತಳು. ಎರಡು ಸಲ ಎದ್ದು ಬಾಗಿಲ ತನಕ ಹೋಗಿ, ಕೈಯೆತ್ತಿ, ತಟ್ಟದೆ ಮರಳಿದಳು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆಣ್ಣುಮಗು. ಸೋನುಬಾಯಿ ಕಣ್ಣೊರೆಸಿಕೊಂಡು ಸೂಗಮ್ಮನ ಮನೆಯ ಕಡೆ ನಡೆದಳು, ಸುದ್ದಿ ತಾನೇ ಹೇಳಬೇಕೆಂದು.