ಗಾಜಿನ ಮೇಲಿನ ಚುಕ್ಕೆಗಳನ್ನು ಎಣಿಸುವ ಗೋಪಮ್ಮ

ರಾಯಚೂರಿನ ಆಸ್ಪತ್ರೆಯೊಂದರ ಹಿಂಬದಿಯ ಕೋಣೆ. ಬಿಸಿಲು ಈಗಷ್ಟೇ ಕಿಟಕಿ ಹತ್ತುತ್ತಿದೆ. ಕರೆಂಟು ಹೋಗಿರುವುದರಿಂದ ಗೋಪಮ್ಮ ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಯನ್ನು ಅತ್ತಿತ್ತ ಹೊರಳಿಸಿ ಆ ಎಳೆಬಿಸಿಲನ್ನೇ ಹಿಡಿಯುತ್ತಾರೆ. ಚೌಕುಳಿ ಗೆರೆಗಳಿರುವ ಗಾಜಿನ ಮೇಲೆ ತೆಳು ಮಾಡಿದ ರಕ್ತದ ಒಂದು ಹನಿ ಬಿಡುತ್ತಾರೆ. ಒದ್ದೆ ಹತ್ತಿ ಇಟ್ಟ ತಟ್ಟೆಯೊಳಗೆ ಅದನ್ನು ಮುಚ್ಚಿಟ್ಟು ಸುಮ್ಮನೆ ಕೂರುತ್ತಾರೆ. ಚುಕ್ಕೆಗಳು ತಳಕ್ಕೆ ಕೂರುವ ತನಕ ಎಣಿಸುವಂತಿಲ್ಲ.

ಅವರು ಎಣಿಸುವುದು ಪ್ಲೇಟ್‌ಲೆಟ್‌ಗಳನ್ನು. ಗಾಯವಾದರೆ ರಕ್ತ ಹೆಪ್ಪುಗಟ್ಟಿಸಿ ನಿಲ್ಲಿಸುವ ಕಣಗಳು ಇವು. ತಲೆಯೊಳಗೆ ರಕ್ತನಾಳ ಒಡೆದು ರಕ್ತ ಸೋರುತ್ತಿರುವ ರೋಗಿಗಳು ಬಂದರೆ ಇಲ್ಲಿನ ವೈದ್ಯ ಡಾ. ವೆಂಕೋಬ ದಿನವೂ ಈ ಲೆಕ್ಕ ಕೇಳುತ್ತಾರೆ. ಕಣಗಳು ತೀರಾ ಕಡಿಮೆಯಿದ್ದರೆ ಸೋರುವುದು ನಿಲ್ಲುವುದು ಕಷ್ಟ, ಏರುತ್ತಿದ್ದರೆ ಆಸೆ ಇಟ್ಟುಕೊಳ್ಳಬಹುದು. ಒಳಗಿನ ರಕ್ತಸ್ರಾವವನ್ನು ನೇರವಾಗಿ ನೋಡುವ ಯಂತ್ರ ಇಲ್ಲಿಲ್ಲ. ವೈದ್ಯರ ಕಣ್ಣು, ಕೈ, ಜೊತೆಗೆ ಗೋಪಮ್ಮನ ಈ ಎಣಿಕೆ, ಇಷ್ಟನ್ನೇ ನಂಬಬೇಕು. ಎಣಿಕೆ ಚೆನ್ನಾಗಿದ್ದವರೂ ಹೋಗಿಬಿಟ್ಟಿದ್ದಾರೆ ಎನ್ನುವುದನ್ನು ವೈದ್ಯರು ಮರೆಮಾಚುವುದಿಲ್ಲ.

ಗೋಪಮ್ಮನ ಊರು ದೇವದುರ್ಗ ತಾಲ್ಲೂಕಿನ ಗಬ್ಬೂರು. ಅಪ್ಪ ತಾಯಣ್ಣ, ಅವ್ವ ವೆಂಕಮ್ಮ ಇಬ್ಬರೂ ಕೂಲಿಯವರು. ಮಗಳು ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಹೈಸ್ಕೂಲು ಮುಗಿಸಿದಳು, ಆಮೇಲೆ ಲ್ಯಾಬ್ ತರಬೇತಿ ಪಡೆದಳು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಈ ಕೋಣೆಗೆ ಬಂದಾಗ ಕೆಲವರು ತೋಳು ಚಾಚುವ ಮೊದಲು ಯಾವೂರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದರಂತೆ. ಈಗಲೂ ಅಪರೂಪಕ್ಕೆ ಒಬ್ಬರು ಕೇಳುವುದುಂಟು. “ಸೂಜಿ ಚುಚ್ಚಿದ ಮ್ಯಾಲ ಎಲ್ಲಾರೂ ಒಂದ ಥರ ಮಾರಿ ಕಿವುಚ್ತಾರ್ರಿ,” ಎಂದು ಅವರು ನಗುತ್ತಾರೆ.

ಚುಚ್ಚುವುದಕ್ಕಿಂತ ಕಷ್ಟದ್ದು ಕಾರಿಡಾರು. ಫಲಿತಾಂಶವನ್ನು ವೈದ್ಯರಿಗೆ ಮಾತ್ರ ಕೊಡಬೇಕು, ರೋಗಿಯ ಕಡೆಯವರಿಗೆ ಹೇಳಬಾರದು ಎಂಬುದು ಇಲ್ಲಿನ ನಿಯಮ. ಕೆಟ್ಟ ಸುದ್ದಿಯ ಚೀಟಿ ಹಿಡಿದು ಅವರ ನಡುವೆಯೇ ಹಾದುಹೋಗಬೇಕು. ಮಟಮಾರಿಯ ಮೌನಪ್ಪ ಎಂಬಾತ ಸಾಯುವ ಮುನ್ನಾದಿನ ಆತನ ಮುದಿ ತಾಯಿ ಇವರ ಸೆರಗು ಹಿಡಿದು ಕೇಳಿದ್ದಳು. ಏನೂ ಹೇಳದೆ ಸೆರಗು ಬಿಡಿಸಿಕೊಂಡು ಬಂದದ್ದನ್ನು ಗೋಪಮ್ಮ ಇಂದಿಗೂ ನೆನೆಯುತ್ತಾರೆ.

ಒಂದೇ ಒಂದು ಸಲ ಅವರು ಆ ನಿಯಮ ಮೀರಿದ್ದಾರೆ. ಹೋದ ವರ್ಷ, ಎಂಬತ್ನಾಲ್ಕರ ಭತ್ತದ ಕೊಯ್ಲಿನ ಹೊತ್ತು. ಮಾನ್ವಿ ಕಡೆಯ ಪೋತ್ನಾಳದಿಂದ ಶರಣಮ್ಮ ಎಂಬ ಹೆಣ್ಣುಮಗಳನ್ನು ಅಕ್ಕಿ ಗಿರಣಿಯ ಜೀಪಿನಲ್ಲಿ ತಂದರು. ಗಂಡ ಜಂಬಣ್ಣ ಆ ಗಿರಣಿಯ ಮಾಲೀಕ. ಅವಳ ಒಸಡಿನಿಂದ ಕೆಲವು ದಿನಗಳಿಂದ ರಕ್ತ ಬರುತ್ತಿತ್ತು, ಕೈಕಾಲಿನ ಮೇಲೆ ನೇರಳೆ ಕಲೆಗಳೆದ್ದಿದ್ದವು. ಅಂದು ಬೆಳಿಗ್ಗೆ ತಲೆನೋವೆಂದು ಕೂತವಳು ವಾಂತಿ ಮಾಡಿಕೊಂಡು ಬಿದ್ದಿದ್ದಳು. ಎಡಗೈ, ಎಡಗಾಲು ಆಡುತ್ತಿರಲಿಲ್ಲ. ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಕಣಗಳು ಹತ್ತು ಸಾವಿರವೂ ಇರಲಿಲ್ಲ.

ವೈದ್ಯರು ಔಷಧಿ ಶುರುಮಾಡಿದರು. ಜಂಬಣ್ಣ ಮತ್ತು ಅವನ ತಮ್ಮ ರಕ್ತ ಕೊಟ್ಟರು. ಆದರೂ ಮೂರು ದಿನ ಎಣಿಕೆ ಅಲುಗಲಿಲ್ಲ, ಶರಣಮ್ಮ ಕಣ್ಣು ತೆರೆಯಲಿಲ್ಲ. ಸೊಸೆ ಊರಲ್ಲಾದರೂ ಕಣ್ಣು ಮುಚ್ಚಲಿ ಎಂದು ಅತ್ತೆ ಚನ್ನಮಲ್ಲಮ್ಮ ಹಟ ಹಿಡಿದರು. ನಾಲ್ಕನೆಯ ಬೆಳಿಗ್ಗೆ ಜೀಪು ಬಂದು ಅಂಗಳದಲ್ಲಿ ನಿಂತಿತು. ಡಾ. ವೆಂಕೋಬ ಮಾನ್ವಿಯ ಶಿಬಿರಕ್ಕೆ ಹೋಗಿದ್ದರು, ಮಧ್ಯಾಹ್ನದೊಳಗೆ ಬರುವಂತಿರಲಿಲ್ಲ.

ಆ ಹೊತ್ತಿಗೆ ಗೋಪಮ್ಮ ಅಂದಿನ ರಕ್ತ ನೋಡುತ್ತಿದ್ದರು. ಎಣಿಕೆ ಇಪ್ಪತ್ತು ಸಾವಿರ ದಾಟಿತ್ತು. ಧೂಳಿನ ಕಣವೂ ಒಮ್ಮೊಮ್ಮೆ ಪ್ಲೇಟ್‌ಲೆಟ್‌ನಂತೆಯೇ ಮಿನುಗುತ್ತದೆ. ಅದಕ್ಕೇ ಗಾಜು ತೊಳೆದು, ಹೊಸ ಹನಿ ಬಿಟ್ಟು, ಮತ್ತೆ ಕಾದು ಎಣಿಸಿದರು. ಅಷ್ಟೇ ಬಂತು. ಹೊರಗೆ ಶರಣಮ್ಮನನ್ನು ಸ್ಟ್ರೆಚರ್ ಮೇಲೆ ಜೀಪಿನ ಹತ್ತಿರ ತಂದಿದ್ದರು. ಗೋಪಮ್ಮ ಕೈ ಒರೆಸಿಕೊಳ್ಳುತ್ತಲೇ ಅಲ್ಲಿಗೆ ನಡೆದರು.

“ಯವ್ವಾ, ಇವತ್ತೊಂದು ದಿನ ನಿಲ್ರಿ. ನಿನ್ನಿಗಿಂತ ರಕ್ತ ಸುಧಾರಿಸ್ಯಾದ,” ಎಂದರು.

ಚನ್ನಮಲ್ಲಮ್ಮ ಇವರ ಮುಖವನ್ನೇ ದಿಟ್ಟಿಸಿದರು. “ಉಳೀತಾಳಂತ ಹೇಳಾಕತ್ತಿ ಏನವ್ವಾ?”

“ಅದು ನನಗ ಗೊತ್ತಿಲ್ರಿ. ಸುಧಾರಿಸ್ಯಾದ ಅನ್ನಾದಷ್ಟ ಗೊತ್ತು.”

ಕೊನೆಗೆ ಜಂಬಣ್ಣನೇ ಡ್ರೈವರನಿಗೆ ಜೀಪು ತಿರುಗಿಸಲು ಹೇಳಿ, ಸ್ಟ್ರೆಚರಿಗೆ ಕೈ ಹಾಕಿ ಹೆಂಡತಿಯನ್ನು ಒಳಗೆ ಕರೆತಂದ. ಗೋಪಮ್ಮ ಅಂದು ಬುತ್ತಿ ಬಿಚ್ಚಲಿಲ್ಲ. ಶರಣಮ್ಮ ಆ ದಿನವೇ ಸತ್ತಿದ್ದರೆ ಊರಿಗೆ ಮುಟ್ಟುವ ಭಾಗ್ಯವನ್ನೂ ತಪ್ಪಿಸಿದವಳು ತಾನಾಗುತ್ತಿದ್ದೆ ಎಂಬ ಅಂಜಿಕೆ ಅವರನ್ನು ಕೂರಗೊಡಲಿಲ್ಲ. ವೈದ್ಯರು ಬಂದವರೇ ಎಣಿಕೆ ನೋಡಿ ಔಷಧಿ ಮುಂದುವರಿಸಿದರು. ಇನ್ನು ಮುಂದೆ ಇಂಥದ್ದಿದ್ದರೆ ಮೊದಲು ಡ್ಯೂಟಿ ಡಾಕ್ಟರಿಗೆ ತಿಳಿಸಬೇಕೆಂದು ಗೋಪಮ್ಮನಿಗೆ ಬುದ್ಧಿಯನ್ನೂ ಹೇಳಿದರು. ಅದು ಸರಿಯಾದ ಮಾತೇ ಎನ್ನುತ್ತಾರೆ ಗೋಪಮ್ಮ.

ಎಣಿಕೆ ದಿನದಿನಕ್ಕೆ ಏರಿತು. ವಾರದೊಳಗೆ ಶರಣಮ್ಮ ನೀರು ಕೇಳಿದಳು. ಈಗ ಪೋತ್ನಾಳದಲ್ಲಿ ಮನೆಗೆಲಸ ನೋಡಿಕೊಂಡಿದ್ದಾಳೆ. ಎಡಗೈ ಹಿಡಿತ ಮಾತ್ರ ಪೂರ್ತಿ ಬಂದಿಲ್ಲ, ಕೊಡ ಎತ್ತಲಾರಳು. ಅವಳು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಗೋಪಮ್ಮ ರಜೆಯ ಮೇಲೆ ಗಬ್ಬೂರಿನಲ್ಲಿದ್ದರು. ಅವಳನ್ನು ಮತ್ತೆ ನೋಡಲಾಗಲಿಲ್ಲ.

ಹೊರಗೆ ಬಿಸಿಲೇರಿದೆ. ವಾರ್ಡಿನಿಂದ ಪರೀಕ್ಷೆಯ ರಕ್ತದ ಇನ್ನಷ್ಟು ಪುಟ್ಟ ಸೀಸೆಗಳು ಬಂದಿವೆ, ದಿನಕ್ಕೆ ಇಪ್ಪತ್ತು ಮೂವತ್ತು ಬರುವುದು ಮಾಮೂಲು. ನಿಮ್ಮ ಆಸೆ ಏನು ಎಂದು ಕೇಳಿದರೆ ಗೋಪಮ್ಮ ಮುಂದಿನ ಸೀಸೆಯನ್ನು ಕೈಗೆತ್ತಿಕೊಳ್ಳುತ್ತಾರೆ.

“ನನಗ ಬರಾದು ರಕ್ತ ಅಷ್ಟರಿ, ಮನಷ್ಯಾರ ಮಾರಿ ಕಾಣಂಗಿಲ್ಲ,” ಎನ್ನುತ್ತಾರೆ. “ಆರಾಮಾಗಿ ಮನಿಗೆ ಹೋಗೋರು ಒಂದ್ಸಲ ಈ ಬಾಗಲ ಮುಂದ ಹಾದು ಹೋಗಬೇಕ್ರಿ. ನಿಂತು ಮಾತಾಡಾದು ಬ್ಯಾಡ. ನಡಕೋಂತ ಹೋಗಾದು ನೋಡಿದ್ರ ಸಾಕು.”