ಅತ್ತೆ ಎತ್ತಿ ಕುಡಿದದ್ದು

ಐರ್ಲೆಂಡಿನ ಆಡಮ್ಸ್‌ಟೌನಿನಲ್ಲಿರುವ ನಮ್ಮ ಮನೆಯಲ್ಲಿ ಅತ್ತೆಯ ಲೋಟಕ್ಕೆ ಬೇರೆಯೇ ಜಾಗ. ಅದನ್ನು ಯಾರೂ ಮುಟ್ಟುವಂತಿಲ್ಲ. ಅವರೂ ಅದಕ್ಕೆ ತುಟಿ ತಾಗಿಸುವುದಿಲ್ಲ. ನೀರಿರಲಿ, ಕಾಫಿಯಿರಲಿ, ಎತ್ತಿಯೇ ಕುಡಿಯುವುದು. ಲೋಟ ಕಚ್ಚಿ ಕುಡಿಯುವವರನ್ನು ಕಂಡರೆ ಮುಖ ತಿರುಗಿಸುತ್ತಾರೆ. ಉಡುಪಿಯಿಂದ ಬರುವಾಗ ಸ್ವೆಟರ್ ಮರೆತರು, ಎಂಜಲು ಮುಸುರೆ ಮರೆಯಲಿಲ್ಲ.

ಇಂಥವರ ಕಿರಿಮಗ, ನನ್ನ ಮೈದುನ, ಮೇನೂತ್‌ನ ಯೂನಿವರ್ಸಿಟಿಯಲ್ಲಿ ಜೊತೆಗೆ ಓದಿದ ಈಕ್ವೆಡಾರ್ ಹುಡುಗಿಯನ್ನು ಮೆಚ್ಚಿಕೊಂಡ. ಅತ್ತೆ ಕೂಗಾಡಲಿಲ್ಲ. "ಅವಳ ಮನೆ ನೋಡದೆ ನಾನು ಹ್ಞೂಂ ಅನ್ನುವುದಿಲ್ಲ" ಎಂದರು, ಅಷ್ಟೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಅಂದರೆ ಅವರು ಕೇಳಲೇ ಇಲ್ಲ. ಅತ್ತೆಯನ್ನೂ ಮೈದುನನನ್ನೂ ಕಟ್ಟಿಕೊಂಡು ನಾನೇ ಹೊರಟೆ. ಹುಡುಗಿ ಮೊದಲೇ ಹೋಗಿ ಅಲ್ಲಿ ಕಾಯುತ್ತಿದ್ದಳು.

ಆಂಡೀಸ್ ಬೆಟ್ಟಗಳು ಇಳಿದು ಅಮೆಜಾನ್ ಕಾಡು ಶುರುವಾಗುವ ಕಡೆ ಆ ಊರು. ಅಬ್ಬಾ, ಎಂಥ ಊರು! ಒಂದು ಚರ್ಚು, ಮುಂದೆ ಮರಗಳ ಚೌಕ, ಪಕ್ಕದಲ್ಲಿ ಹೊಳೆ. ಮಧ್ಯಾಹ್ನ ಅಂಗಡಿಯವರು ಬಾಗಿಲು ಅರ್ಧ ಎಳೆದು ಒಳಗೇ ಮಲಗುತ್ತಾರೆ. ಐರ್ಲೆಂಡಿನವರು ಬಸ್ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದೇ ನನಗೆ ದೊಡ್ಡದಾಗಿತ್ತು. ಇಲ್ಲಿಯವರು ಹತ್ತುವಾಗಲೇ ಇಡೀ ಬಸ್ಸಿಗೆ ನಮಸ್ಕಾರ ಹೇಳಿ ಆಮೇಲೆ ಸೀಟು ಹುಡುಕುತ್ತಾರೆ. ರಸ್ತೆಯ ಅರ್ಧದಲ್ಲಿ ಕೋಕೋ ಬೀಜ ಒಣಹಾಕಿದ್ದರು. ಬಂದ ಲಾರಿ ಹಾರ್ನ್ ಕೂಡ ಮಾಡದೆ ಬದಿಯಿಂದ ಹೋಯಿತು. "ಇಲ್ಲಿ ಯಾರಿಗೂ ಅವಸರವೇ ಇಲ್ಲವಲ್ಲ ಮಾರಾಯ್ತಿ!" ಎಂದು ಅತ್ತೆ ಖುಷಿಪಟ್ಟರು. ನನಗೂ ಅಲ್ಲೇ ಇದ್ದುಬಿಡುವ ಆಸೆಯಾಯಿತು.

ಹುಡುಗಿಯನ್ನು ಸಾಕಿದ್ದು ಅಜ್ಜಿ. ಅವರ ಮನೆಯ ಬಾಗಿಲಲ್ಲಿ ಮೈದುನ ನನ್ನನ್ನು ಪಕ್ಕಕ್ಕೆ ಎಳೆದ.

"ಅತ್ತಿಗೆ, ಒಂದು ವಿಷ್ಯ. ಅಜ್ಜಿ ಬೋಗುಣೀಲಿ ಚಿಚಾ ಅಂತ ಕೊಡ್ತಾರೆ. ಅಮ್ಮ ಕುಡೀಲಿಲ್ಲ ಅಂದ್ರೆ ಈ ಮನೇನೇ ಬೇಡ ಅಂದ ಹಾಗೆ."

"ಕುಡೀತಾರೆ ಬಿಡು. ಏನದು?"

"ಮರಗೆಣಸು ಬೇಯಿಸಿ, ಬಾಯಲ್ಲಿ ಅಗಿದು, ಉಗಿದು ಹುಳಿ ಬರಿಸ್ತಾರೆ. ಅಮ್ಮಂಗೆ ನೀವೇ ಹೇಳಿ. ಇಲ್ಲಾ ಹೇಳ್ಬೇಡಿ. ಎಲ್ಲ ಗ್ರ್ಯಾಂಡ್ ಆಗುತ್ತೆ."

ಗ್ರ್ಯಾಂಡ್ ಅಂತೆ! ಐರ್ಲೆಂಡಿನವರ ಹಾಗೆ ಎಲ್ಲದಕ್ಕೂ ಅದೊಂದು ಮಾತು. ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು. ಹೇಳಿದರೆ ಮದುವೆ ಮುರಿಯುತ್ತದೆ, ಹೇಳದಿದ್ದರೆ ಅತ್ತೆಗೆ ಮೋಸ.

ಅಷ್ಟರಲ್ಲಿ ಅಜ್ಜಿ ಬಂದೇಬಿಟ್ಟರು. ತೆಳ್ಳಗಿನ ಮಣ್ಣಿನ ಬೋಗುಣಿ, ಮೇಲೆಲ್ಲ ಚಂದದ ಗೆರೆಗಳು. ತಾವು ಒಂದು ಗುಟುಕು ಕುಡಿದು ಅದನ್ನೇ ಅತ್ತೆಯ ಮುಂದೆ ಹಿಡಿದರು. ತಡೆಯಲಾರದೆ ನಾನು "ಅತ್ತೆ, ಅದು..." ಎಂದೆ.

"ನೀನು ಸುಮ್ಮನಿರು."

ಅತ್ತೆ ಎರಡೂ ಕೈಯಲ್ಲಿ ಬೋಗುಣಿ ಎತ್ತಿದರು, ತಲೆ ಹಿಂದಕ್ಕೆ ಬಾಗಿಸಿದರು, ಒಂದು ಹನಿ ಚೆಲ್ಲದಂತೆ ಬಾಯಿಗೆ ಹೊಯ್ದುಕೊಂಡರು. ಅಜ್ಜಿ ಬಾಯಿ ತೆರೆದು ನೋಡಿದರು. ಆಮೇಲೆ ಬೋಗುಣಿ ಕಿತ್ತುಕೊಂಡು ತಾವೂ ಹಾಗೇ ಕುಡಿಯಲು ಹೋಗಿ ಎದೆಮೇಲೆಲ್ಲ ಸುರಿದುಕೊಂಡರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯ ಮಾತು ಮಾತ್ರ ಅತ್ತೆ ಎತ್ತಲಿಲ್ಲ.

ಸಂಜೆ ಹೊಳೆಯ ದಂಡೆಯಲ್ಲಿ ನಾನು ಅತ್ತೆಯ ಮುಂದೆ ಅಗಿದು ಉಗಿಯುವ ವಿಷಯ ಬಾಯಿಬಿಟ್ಟೆ.

"ಗೊತ್ತುಂಟು. ಹುಡುಗಿ ಐರ್ಲೆಂಡಿನಲ್ಲೇ ನನ್ನ ಹತ್ತಿರ ಕೂತು ಹೇಳಿದ್ದಾಳೆ. ನಿಮಗೆ ಬೇಡದಿದ್ರೆ ಅಜ್ಜಿಗೆ ನಾನೇ ಹೇಳ್ತೇನೆ ಅಂದ್ಲು. ನನ್ನ ಮಗನಿಗೆ ಇಲ್ಲದ ಧೈರ್ಯ ಅವಳಿಗುಂಟು."

"ಆದರೂ ಎಂಜಲು ಅಲ್ವಾ ಅತ್ತೆ?"

"ಹಲ್ಲು ಬರುವ ಮೊದಲು ನಿನ್ನ ಗಂಡನಿಗೆ ಅನ್ನ ಅಗಿದು ಬಾಯಿಗಿಟ್ಟವಳು ನಾನು. ಆ ಅಜ್ಜಿ ಬಂದವರಿಗೆಲ್ಲ ಹಾಗೆ ಕೊಡ್ತಾಳೆ. ದೊಡ್ಡ ಮನಸ್ಸು."

"ಮತ್ತೆ ಎತ್ತಿ ಯಾಕೆ ಕುಡಿದ್ರಿ?"

"ಅವಳ ಎಂಜಲು ನಾನು ಕುಡಿದದ್ದು ಸರಿ. ನನ್ನದು ಅವಳಿಗೆ ಯಾಕೆ? ನಾವಿನ್ನೂ ಬೀಗರಾಗಿಲ್ಲ."

ಐರ್ಲೆಂಡಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಮೈದುನ ಉಗುರು ಕಚ್ಚುತ್ತ ಬಂದ.

ಆಡಮ್ಸ್‌ಟೌನಿಗೆ ಮರಳಿದ ಮೇಲೆ ಒಂದು ಭಾನುವಾರ ಹುಡುಗಿ ಮನೆಗೆ ಬಂದಳು. ಅತ್ತೆ ಅಡುಗೆಮನೆಗೆ ಹೋಗಿ ತಮ್ಮ ಲೋಟ ಇಳಿಸಿದರು, ಕಾಫಿ ತುಂಬಿಸಿ ತಂದು ಅವಳ ಕೈಗಿಟ್ಟರು. ಪಾಪ, ಅವಳು ಅತ್ತೆಯ ಹಾಗೆಯೇ ಎತ್ತಿ ಹಿಡಿದಳು. ಅತ್ತೆ ಅವಳ ಕೈ ಹಿಡಿದು ಲೋಟವನ್ನು ಅವಳ ತುಟಿಯವರೆಗೆ ತಂದರು.

"ಎತ್ತುವುದು ಬೇಡ ಮಗಾ. ಕಚ್ಚಿಯೇ ಕುಡಿ."