ಹನ್ನೊಂದನೆಯ ದಿನ ಬಂದ ನರ್ಸಬಾಯಿ

ಮೊನ್ನೆ ಸೊಸೆ ಸ್ಟೇಶನ್ ಬಜಾರದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತಂದಳು. ಚೀಲ ಬಿಚ್ಚಿದ್ದೇ ತಡ, ಆ ವಾಸನೆಗೆ ನಾನು ಹನ್ನೆರಡು ವರ್ಷದ ಹುಡುಗಿಯಾಗಿ ಗಾಜಿಪುರ ಓಣಿಯ ನಮ್ಮ ಹಳೆಯ ಅಂಗಳದಲ್ಲಿ ನಿಂತಿದ್ದೆ. ಪಕ್ಕದ ಮನೆಯ ನರ್ಸಬಾಯಿ ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದರು…

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಎರಡು-ಮೂರು ವರ್ಷವಾಗಿತ್ತು. ನರ್ಸಬಾಯಿ ಹೆಂಗಸರ ದವಾಖಾನೆಯಲ್ಲಿ ಕೆಲಸಕ್ಕಿದ್ದರು. ಬಿಳಿ ಸೀರೆ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಮ್ಮದು ಮಡಿ-ಮೈಲಿಗೆಯ ವೈಷ್ಣವರ ಮನೆ. ಅವರು ಬಂದರೆ ಕಟ್ಟೆಯ ಮೇಲೆಯೇ ಚಹಾ, ಅದಕ್ಕೊಂದು ಬೇರೆ ಬಟ್ಟಲು. ಅವರು ನಗುತ್ತಲೇ ಕುಡಿದು, ತೊಳೆದು, ಬೋರಲು ಹಾಕಿ ಹೋಗುತ್ತಿದ್ದರು. ನನಗಂತೂ ಅವರೆಂದರೆ ಪ್ರಾಣ.

ಮುಟ್ಟಾದಾಗ ಅವ್ವ ನಾಲ್ಕು ದಿನ ಹಿತ್ತಲ ಕೋಣೆಯಲ್ಲಿ ಕೂರುತ್ತಿದ್ದಳು. ಆ ವರ್ಷ ನಾಲ್ಕು ಆರಾಯಿತು, ಆರು ಎಂಟಾಯಿತು. ಉಷ್ಣ ಹೆಚ್ಚಾಗಿದೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಕಮಲಾಪುರದಲ್ಲಿದ್ದ ಅವ್ವನ ಅಪ್ಪ, ಕೆಂಪು ಹಣ್ಣು ತಿಂದರೆ ಹೋದ ರಕ್ತ ತಿರುಗಿ ಬರುತ್ತದೆಂದು ಗೊನೆಗಟ್ಟಲೆ ಕಳಿಸಿದರು. ಕೆಂಪು ಬರೀ ಸಿಪ್ಪೆಗೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಅವ್ವನಿಗೆ ಒಂದು, ನಮಗೆ ನಾಲ್ಕು. ನಮಗೆ ಹಬ್ಬವೋ ಹಬ್ಬ. ಅವಳನ್ನು ಮುಟ್ಟುವಂತಿರಲಿಲ್ಲವಲ್ಲ, ಹೀಗಾಗಿ ಅವಳ ಕೈ ಎಷ್ಟು ತಣ್ಣಗಾಗಿದೆಯೆಂದು ಯಾರಿಗೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ನರ್ಸಬಾಯಿ ಗೋಡೆಯಾಚೆಯಿಂದ, ಅವ್ವ ಎಷ್ಟು ದಿನದಿಂದ ಹೊರಗೆ ಕೂತಿದ್ದಾಳೆಂದು ಕೇಳಿದರು. ಹನ್ನೊಂದು ಅಂದೆ. ತಾಸಿಗೊಂದು ಬಟ್ಟೆ ಬದಲಿಸುತ್ತಾಳೆ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದಂತೆ ಎಂದೂ ಹೇಳಿದೆ. ಅವರ ನಗು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೇರ ಹಿತ್ತಲಿಗೆ ಬಂದು ಅವ್ವನ ಕೈ ಹಿಡಿದರು, ಕೆಳಗಿನ ರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದಷ್ಟು ಬಿಳಿ. ಈಗಿಂದೀಗ ದವಾಖಾನೆಗೆ ಹೋಗಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು.

ಅಜ್ಜಿ ಹೌಹಾರಿದಳು. ಮೈಲಿಗೆಯವಳ ಜೊತೆ ಟಾಂಗಾದಲ್ಲಿ ಯಾರು ಕೂರಬೇಕು ಎಂಬುದೇ ಅವಳ ಚಿಂತೆ.

"ನಾನೂ ಇವತ್ತ ಹೊರಗಾಗೀನ್ರೀ ಅಮ್ಮಾರ," ಎಂದರು ನರ್ಸಬಾಯಿ. "ಇಬ್ಬರೂ ಕೂಡೇ ಹೋಗ್ತೀವಿ. ನೀವು ನಿಮ್ಮ ಮಡಿ ನೋಡ್ಕೋರಿ."

ಅಜ್ಜಿ ದಾರಿ ಬಿಟ್ಟು ಸರಿದಳು. ಅಪ್ಪ ಟಾಂಗಾ ತರಿಸಿದ. ದವಾಖಾನೆಯಲ್ಲಿ ಗರ್ಭಕೋಶದ ಗಂಟು ತೆಗೆದರು. ತಿಂಗಳ ಮೇಲೆ ಅವ್ವ ಮೈಕೈ ತುಂಬಿಕೊಂಡು ಮನೆಗೆ ಬಂದಳು. ನಾನು ಓಡಿ ಹೋಗಿ ಅಪ್ಪಿಕೊಂಡೆ. ಅಷ್ಟು ಖುಷಿ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಆಮೇಲೆ ನಮ್ಮ ಕಟ್ಟೆಯ ಮೇಲೆ ನರ್ಸಬಾಯಿಯ ಶಾಲೆಯೇ ಶುರುವಾಯಿತು. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುತ್ತಾ ಕೇಳುವವರು.

"ಏಳ ದಿನಾ ದಾಟಿದ್ರ, ತಾಸಿಗೊಂದ ಬಟ್ಟಿ ತೊಯ್ದ್ರ, ನಡುನಡುವ ಕಾಣಿಸ್ಕೊಂಡ್ರ, ಪೂರಾ ನಿಂತಮ್ಯಾಲೆ ಮತ್ತ ಬಂದ್ರ, ಉಷ್ಣ ಅನಕೋತ ಕೂಡಬ್ಯಾಡ್ರಿ. ದವಾಖಾನಿಗೆ ಬರ್ರಿ."

ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ನಮ್ಮ ಅಜ್ಜಿ!

ಕೆಲವು ವರ್ಷಕ್ಕೆ ನರ್ಸಬಾಯಿಗೆ ಎಲ್ಲಿಗೋ ವರ್ಗವಾಯಿತು. ಮತ್ತೆ ಸುದ್ದಿಯಿಲ್ಲ… ಅವ್ವ ಎಂಬತ್ತು ದಾಟಿ ಬಾಳಿದಳು, ಮೊಮ್ಮಕ್ಕಳ ಮದುವೆಯಲ್ಲಿ ಓಡಾಡಿದಳು. ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗಳು, ಆ ನರ್ಸಬಾಯಿಯ ಹೆಸರೇನು ಅಜ್ಜಿ ಎಂದಳು. ಹೇಳಲು ಬಾಯಿ ತೆರೆದೆ. ನನ್ನ ಅವ್ವನನ್ನು ನನಗೆ ಉಳಿಸಿಕೊಟ್ಟವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ.